ನೀರುಗಂಟಿ ಸಾಕಿದ ಗೊದಮೊಟ್ಟೆಗಳು

ಸಂತೋಷದ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನೆ ಬೆಳಿಗ್ಗೆ ನಮ್ಮ ಹಿತ್ತಲಿನ ತೊಟ್ಟಿಯಿಂದ ಒಂದು ಕಪ್ಪೆ ನೆಲಕ್ಕೆ ಹತ್ತಿತು. ಕಿರುಬೆರಳಿನ ಉಗುರಿನಷ್ಟು ಗಾತ್ರ, ಕಾಳುಮೆಣಸಿನ ಬಣ್ಣ. ನಾನು ಹಲ್ಲುಜ್ಜುವ ಹೊತ್ತಿಗೆ ಒಂದು, ಕಾಫಿ ಮುಗಿಯುವ ಹೊತ್ತಿಗೆ ನಾಲ್ಕು, ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಮೂರು. ಎಲ್ಲವೂ ಕ್ಷೇಮ.

ಇಂಥ ಸುದ್ದಿಯನ್ನು ಒಬ್ಬನೇ ಇಟ್ಟುಕೊಳ್ಳಲಾಗುವುದಿಲ್ಲ. ಊರಿಗೆ ಫೋನು ಮಾಡಿದೆ. ತಮ್ಮ ಮುನಿಯಪ್ಪ ಎತ್ತಿದ.

"ಆಯ್ತು ಕಣೋ, ಬೆಳಿಗ್ಗೆ ಆಯ್ತು. ಎಲ್ಲಾ ಚೆನ್ನಾಗವೆ" ಎಂದೆ.

"ಯಾರಿಗಣ್ಣ? ಸುಜಾತಂಗಾ? ನೀವು ಹೇಳ್ಲೇ ಇಲ್ಲ."

"ಸುಜಾತಂಗಲ್ಲ, ಕಪ್ಪೆಗೆ."

ಅವನು ಬಹಳ ಮೆತ್ತಗೆ, "ಡೆಲ್ಲೀಲಿ ಬಿಸಿಲು ಜಾಸ್ತಿ ಅಂತಾರೆ. ತಲೆ ಮ್ಯಾಲೆ ಟವಲ್ ಹಾಕ್ಕಂಡು ಓಡಾಡಣ್ಣ" ಎಂದು ಫೋನು ಇಟ್ಟ.

ಅವನನ್ನು ಅಂದು ಪ್ರಯೋಜನವಿಲ್ಲ. ನಾನೂ ಅವನ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ. ಇದನ್ನು ಮೊಮ್ಮಗಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತ ತಪ್ಪಿದರೆ ಮಗಳು ಸುಜಾತ ತಿದ್ದುತ್ತಾಳೆ. ವಿಷಯ ತಪ್ಪಿದರೆ ತಿದ್ದಲು ನಮ್ಮವಳು ಇದ್ದೇ ಇದ್ದಾಳೆ, ಅವಳಿಗೆ ನೋಟ್‌ಬುಕ್ಕೂ ಬೇಕಾಗಿಲ್ಲ.

ಹಿತ್ತಲ ಬಾಗಿಲಿನ ಮೊಳೆಗೆ ಟೀ ಸೋಸುವ ಜಾಲರಿಯೊಂದು ತೂಗುಹಾಕಿದೆ. ಒಂದು ಕಾಲಕ್ಕೆ ಅದು ಅಡುಗೆಮನೆಯದು. ಗೊದಮೊಟ್ಟೆ ಹಿಡಿಯಲು ಒಮ್ಮೆ ತಂದಿದ್ದೆ, ವಾಪಸು ಇಡಲು ಹೋದರೆ ಸುಜಾತ ನನ್ನ ಮುಖವನ್ನೂ ಜಾಲರಿಯನ್ನೂ ಒಂದೇ ಥರ ನೋಡಿ, "ಅಪ್ಪ, ಅದು ಇನ್ನು ನಿಮ್ಮದೇ" ಎಂದಳು. ಅದನ್ನು ನೋಡಿದಾಗ ನನಗೆ ನೆನಪಾಗುವುದು ಟೀ ಅಲ್ಲ, ನನ್ನ ಆರನೇ ವಯಸ್ಸು. ನಮ್ಮ ಕಡೆ, ಕೋಲಾರದ ಸೀಮೆಯಲ್ಲಿ, ಮಳೆ ಬಿದ್ದ ಎಂಟು ದಿನಕ್ಕೆ ಕೆರೆ ಪಕ್ಕದ ಗುಂಡಿಗಳಲ್ಲಿ ಕರ್ರಗೆ ಗೊದಮೊಟ್ಟೆ ತುಂಬಿಕೊಳ್ಳುತ್ತಿದ್ದವು. ನನಗೆ ಅವು ಮೀನುಮರಿ. ಅಪ್ಪನ ಟವಲಿನಲ್ಲಿ ಹಿಡಿದು, ಒಂದು ಚೊಂಬು ತುಂಬಾ ತಂದು, ಅವ್ವನಿಗೆ ಕೊಟ್ಟು ಸಾರು ಮಾಡು ಎಂದೆ. ಅವ್ವ ಬಗ್ಗಿ ನೋಡಿದಳು. ಬೈಯಲಿಲ್ಲ. "ಇನ್ನೂ ಸ್ವಲ್ಪ ಬಲೀಲಿ ಮಗ" ಎಂದು ಚೊಂಬನ್ನು ನನ್ನ ಕೈಗೇ ಕೊಟ್ಟು ಗುಂಡಿಗೆ ಬಿಟ್ಟು ಬರಲು ಕಳಿಸಿದಳು. ಅವು ಬಲಿಯುವುದನ್ನು ನಾನು ದಿನಾ ಹೋಗಿ ಕಾದೆ. ಒಂದು ದಿನ ಗುಂಡಿಯಲ್ಲಿ ಒಂದೂ ಇರಲಿಲ್ಲ. ಯಾರೋ ನನ್ನ ಮೀನನ್ನೆಲ್ಲ ಕದ್ದರು ಎಂದು ಅತ್ತೆನಂತೆ. ಸುತ್ತಲ ಹುಲ್ಲಿನಲ್ಲಿ ಕಪ್ಪೆಮರಿಗಳು ಕುಪ್ಪಳಿಸುತ್ತಿದ್ದವು. ಅವಕ್ಕೂ ಇವಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲಿಲ್ಲ.

ಹೀಗೆ ಶುರುವಾದವನು ಮುಂದೆ ನೀರುಗಂಟಿಯಾದೆ. ನೀರುಗಂಟಿ ಎಂದರೆ ಊರ ಕೆರೆಯ ನೀರು ನೋಡಿಕೊಳ್ಳುವವನು. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು. ಗೌಡನಾಗಲಿ ಶಾನುಭೋಗನಾಗಲಿ, ನೀರಿನ ವಿಷಯಕ್ಕೆ ಬಂದರೆ ನೀರುಗಂಟಿಯ ಮಾತೇ ಮಾತು. ಆ ಅಧಿಕಾರ ಮನುಷ್ಯನಿಗೆ ಸ್ವಲ್ಪ ತಲೆಗೇರುತ್ತದೆ. "ಊರಿಗೆಲ್ಲಾ ನೀರು ಬಿಟ್ಟೆ ಅಂತೀರ, ಒಂದು ತುಳಸಿ ಗಿಡಕ್ಕೆ ಒಂದು ದಿನ ನೀರು ಹಾಕ್ಲಿಲ್ಲ" ಎಂದು ನಮ್ಮವಳು ಈಗಲೂ ಅನ್ನುತ್ತಾಳೆ. ಅದು ನಿಜ. ತುಳಸಿ ಗಿಡಕ್ಕೆ ತೂಬು ಇಲ್ಲವಲ್ಲ.

ಕೆಲಸವನ್ನು ಮುನಿಯಪ್ಪನಿಗೆ ಒಪ್ಪಿಸಿ ನಾವಿಬ್ಬರೂ ದೆಹಲಿಗೆ ಬಂದು ನಾಲ್ಕು ವರ್ಷವಾಯಿತು. ಅಳಿಯ ಗಿರೀಶ್ ಹೌಜ್ ಖಾಸ್ ಹತ್ತಿರದ ದೊಡ್ಡ ಕಾಲೇಜಿನಲ್ಲಿ ಮೇಷ್ಟ್ರು, ಮಗಳಿಗೂ ಆಫೀಸು. ಮೊಮ್ಮಗಳು ನಿಧಿಗೆ ಈಗ ಎಂಟು ವರ್ಷ. ಅವಳು ಸ್ಕೂಲು ಬಸ್ಸಿನಿಂದ ಇಳಿಯುವಾಗ ಗೇಟಿನಲ್ಲಿ ಯಾರಾದರೂ ನಿಂತಿರಬೇಕು. ಆ ಕೆಲಸ ನನ್ನದು. ಹೌಜ್ ಎಂದರೆ ಕೆರೆ ಎಂದು ಅಳಿಯಂದಿರು ಹೇಳಿದ ದಿನ ನನಗೆ ಊರು ಬಿಟ್ಟು ಬಂದ ಬೇಸರ ಅರ್ಧ ಹೋಯಿತು. ಹಳೆಯ ಕಾಲದ ಸುಲ್ತಾನರು ಕಟ್ಟಿಸಿದ ಕೆರೆಯಂತೆ. ನಿಧಿಯನ್ನು ಕರೆದುಕೊಂಡು ನೋಡಲು ಹೋದೆ. ಸುತ್ತಲೂ ತಿರುಗಿದರೂ ತೂಬು ಕಾಣಲಿಲ್ಲ. ಕಾವಲುಗಾರನನ್ನು ಕೇಳು ಎಂದು ಮೊಮ್ಮಗಳನ್ನು ಮುಂದೆ ಬಿಟ್ಟೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಾಊ, ಯಹಾಂ ಸಬ್ ಫೋಟೋ ಖೀಂಚನೇ ಆತೇ ಹೈಂ" ಎಂದ. ಇಲ್ಲಿಗೆ ಜನ ಬರುವುದು ಫೋಟೋ ಹೊಡೆಯಲು, ತೂಬು ಕೇಳಿದವನು ನಾನೊಬ್ಬನೇ.

ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿಯೂ ಒಂದು ಚಿಕ್ಕ ಹೌಜ್ ಇದೆ. ಹಿಂದೆ ಇದ್ದ ಯಾರೋ ತಾವರೆ ಬೆಳೆಸಲು ಕಟ್ಟಿಸಿದ ಸಿಮೆಂಟು ತೊಟ್ಟಿ. ಎರಡು ಮಾರು ಉದ್ದ, ಒಂದು ಮಾರು ಅಗಲ, ಮಂಡಿಯುದ್ದ ಆಳ. ನೆಲದೊಳಕ್ಕೆ ತೋಡಿದ್ದು; ಗೋಡೆ ನೆಟ್ಟಗೆ, ನುಣ್ಣಗೆ. ಮೇಲಂಚಿಗೆ ಕೆಂಪು ಕಲ್ಲಿನ ಪಟ್ಟಿ, ಅದು ಎರಡು ಬೆರಳು ಒಳಕ್ಕೆ ಚಾಚಿಕೊಂಡಿದೆ. ಈ ಅಂಚನ್ನು ನೀವು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಈ ಸಲ ಮೊದಲ ಜೋರು ಮಳೆಗೆ ತೊಟ್ಟಿ ಅಂಚಿನವರೆಗೆ ತುಂಬಿತು. ರಾತ್ರಿಯೆಲ್ಲಾ ನೆಲಗಪ್ಪೆಗಳ ಗಲಾಟೆ. ಬೆಳಿಗ್ಗೆ ನೋಡಿದರೆ ಒಣಗಿದ ತಾವರೆ ದಂಟುಗಳಿಗೆ ಕರಿಮಣಿ ಸರ ಸುತ್ತಿದ ಹಾಗೆ ಮೊಟ್ಟೆಗಳು. ಗಾಜಿನ ದಾರದೊಳಗೆ ಕಪ್ಪು ಮಣಿ, ಕಪ್ಪು ಮಣಿ, ಎಣಿಸಿ ಮುಗಿಯದಷ್ಟು. ನಿಧಿ ತೊಟ್ಟಿಯ ಪಕ್ಕ ಹೊಟ್ಟೆ ಮೇಲೆ ಮಲಗಿ ನೋಡಿದಳು.

"ತಾತ, ಇದನ್ನ ನಾವು ಪಾಲ್ ಸಕತೇ ಹೈಂ ಕ್ಯಾ?"

"ಸಾಕಬಹುದು. ನೀರು ಸರಿ ಇದ್ದರೆ ಅವೇ ಸಾಕ್ಕೊಳ್ತವೆ. ನೀರಿನ ವಿಷಯ ನನಗೆ ಬಿಡು."

ಈ ಮಾತನ್ನು ನಾನು ಯೋಚಿಸದೆ ಆಡಿದೆ. ಆದರೂ ಮೊದಲ ತಿಂಗಳು ಅದು ಸುಳ್ಳಾಗಲಿಲ್ಲ. ನಲ್ಲಿಯ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಇತ್ತು. ಡ್ರಮ್ಮಿನಲ್ಲಿ ತುಂಬಿಸಿ ಒಂದೆರಡು ದಿನ ಬಿಸಿಲಿಗಿಟ್ಟು, ವಾಸನೆ ಹೋದ ಮೇಲೆಯೇ ತೊಟ್ಟಿಗೆ ಹುಯ್ದೆ. ಮರಿಗಳಿಗೆ ಪಾಲಕ್ ಸೊಪ್ಪು ಬೇಯಿಸಿ ಹಾಕಬೇಕು ಎಂದು ಅಳಿಯಂದಿರು ಕಂಪ್ಯೂಟರಿನಲ್ಲಿ ನೋಡಿ ಹೇಳಿದರು. ಬೇಯಿಸುವವಳು ನಮ್ಮವಳು. "ನಾನು ಮದುವೆಯಾಗಿ ಬಂದಾಗ ನಿಮ್ಮ ಮನೇಲಿ ನನಗೆ ಯಾರೂ ಹೀಗೆ ಬೇಯಿಸಿ ಹಾಕ್ಲಿಲ್ಲ" ಎನ್ನುತ್ತಿದ್ದಳು, ಮತ್ತೆ "ಉಪ್ಪು ಹಾಕಿಲ್ಲ, ನೋಡ್ಕೊಳ್ಳಿ" ಎಂದು ಬಟ್ಟಲು ಕೊಡುತ್ತಿದ್ದಳು. ಅಳಿಯಂದಿರು ಶಾಖದ ಪಾಠ ಹೇಳುವ ಮೇಷ್ಟ್ರು. ಅವರು ಥರ್ಮಾಮೀಟರ್ ತಂದು ತೊಟ್ಟಿಯ ಜ್ವರ ನೋಡುತ್ತಿದ್ದರು. ನಿಧಿ ಫೋನಿನಲ್ಲಿ ಗೆಳತಿಗೆ, "ಮೇರೇ ತಾತ ಪಾನೀ ಕೇ ಎಕ್ಸ್‌ಪರ್ಟ್ ಹೈಂ" ಎಂದು ನನ್ನ ನೀರಿನ ಜ್ಞಾನ ಹೊಗಳಿದ್ದನ್ನು ಬಾಗಿಲ ಹಿಂದಿನಿಂದ ಕೇಳಿಸಿಕೊಂಡೆ. ಆ ದಿನ ಎರಡು ಸಲ ಮೀಸೆ ತಿರುವಿದೆ. ಮೊದಲು ಹಿಂಗಾಲು ಬಂದವು, ಮರಿಗಳೆಲ್ಲ ದಾರದಂಥ ಕಾಲು ಬಿಟ್ಟುಕೊಂಡು ತೇಲುವ ಅಂದವೇ ಅಂದ.

ಈಗ ತಪ್ಪಿನ ಭಾಗ.

ಕೆರೆ ತುಂಬಿದರೆ ಜನ ಕುಣಿಯುತ್ತಾರೆ, ಬಾಗಿನ ಬಿಡುತ್ತಾರೆ. ನೀರುಗಂಟಿ ಕುಣಿಯುವುದಿಲ್ಲ. ಅವನು ಏರಿಯ ಮೇಲೆ ನಿಂತು, ನೀರಿಗೂ ಏರಿಯ ತಲೆಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂದು ನೋಡುತ್ತಾನೆ. ಅಷ್ಟು ಜಾಗ ಉಳಿದರೆ ಏರಿ ಉಳಿಯಿತು, ಏರಿ ಉಳಿದರೆ ಊರು ಉಳಿಯಿತು. ನೀರು ಏರಿಯ ತಲೆ ಮುಟ್ಟಬಾರದು. ಇದು ನನ್ನ ಅಪ್ಪ ನನಗೆ ಕಲಿಸಿದ ಮೊದಲ ಪಾಠ. ಹಾಗಾಗಿ ತೊಟ್ಟಿಯಲ್ಲಿಯೂ ನೀರನ್ನು ಅಂಚಿಗಿಂತ ಒಂದು ಗೇಣು ತಗ್ಗಿನಲ್ಲಿಯೇ ಇಟ್ಟೆ. ಮಳೆ ಬಂದು ಹೆಚ್ಚಾದರೆ ಬಕೆಟ್ಟಿನಲ್ಲಿ ಎತ್ತಿ ಚೆಲ್ಲಿದೆ, ಬಿಸಿಲಿಗೆ ಇಳಿದರೆ ಡ್ರಮ್ಮಿನಿಂದ ತುಂಬಿದೆ. ಮೂವತ್ತೈದು ದಿನ, ಒಂದು ಬೆರಳು ಆಚೀಚೆ ಆಗಲು ಬಿಡಲಿಲ್ಲ. ಯಾರೂ ಹೇಳಿರಲಿಲ್ಲ. ಅಭ್ಯಾಸ.

ಆರು ದಿನದ ಹಿಂದೆ ಬೆಳಿಗ್ಗೆ ತೊಟ್ಟಿಯ ಗೋಡೆಯುದ್ದಕ್ಕೂ ಸಣ್ಣ ಸಣ್ಣ ಹೊಟ್ಟೆಗಳು ತೇಲುತ್ತಿದ್ದವು. ನಾಲ್ಕೂ ಕಾಲು ಬಂದಿದ್ದವು, ಬಾಲ ಇನ್ನೂ ಅರ್ಧ ಇತ್ತು. ನಿಧಿ ಯೂನಿಫಾರಂ ಹಾಕಿಕೊಂಡು ಬಂದವಳು ಜಾಲರಿಯಲ್ಲಿ ಒಂದೊಂದಾಗಿ ಎತ್ತಿದಳು. ಹತ್ತೊಂಬತ್ತು. ಅಳಲಿಲ್ಲ.

"ತಾತ, ನೀರು ಸರಿ ಇದ್ರೆ ಅಂತ ನೀನೇ ಹೇಳಿದ್ದೆ."

"ನೀರು ಸರಿ ಇದೆ ಪುಟ್ಟ. ಮಾಲಿ ಏನೋ ಔಷಧಿ ಹೊಡೆದಿರಬೇಕು."

ಮಾಲಿ ರಾಮ್‌ಪಾಲ್ ಅಲ್ಲೇ ಬೇಲಿಯ ಹತ್ತಿರ ಇದ್ದ. "ಬಾಬೂಜಿ, ಗುಲಾಬ್ ಮೇಂ ಭೀ ದವಾಈ ನಹೀಂ ಡಾಲೀ" ಎಂದ. ಹೂವಿನ ಗಿಡಕ್ಕೇ ಹೊಡೆದಿಲ್ಲ, ನಿಮ್ಮ ತೊಟ್ಟಿಗೇಕೆ ಹೊಡೆಯಲಿ ಎಂಬಂತೆ. ಹಾಗಾದರೆ ಕಾಗೆ ಎಂದೆ. ಕಾಗೆಯಾದರೆ ತಿನ್ನುತ್ತಿತ್ತು ಎಂದು ನಮ್ಮವಳು ಅಡುಗೆಮನೆಯಿಂದಲೇ ಹೇಳಿದಳು. ನಿಧಿ ಜಾಲರಿಯನ್ನು ಮೊಳೆಗೆ ಸಿಕ್ಕಿಸಿ ಬಸ್ಸಿಗೆ ನಡೆದಳು. ಗೇಟಿನವರೆಗೆ ಜೊತೆಗೆ ಹೋದೆ, ಅವಳು ನನ್ನ ಕೈ ಹಿಡಿಯಲಿಲ್ಲ.

ಮನೆಯಲ್ಲಿ ಯಾರೂ ಇಲ್ಲದ ಹೊತ್ತು ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಕಾಲು ಬಂದ ಒಂದು ಮರಿ ಜೀವಂತ ಇತ್ತು. ಅದು ಗೋಡೆಗೆ ಮುಂಗೈ ಇಟ್ಟು ಒತ್ತಿತು. ಜಾರಿತು. ಸ್ವಲ್ಪ ಮುಂದೆ ಹೋಗಿ ಮತ್ತೆ ಕೈ ಇಟ್ಟಿತು. ಹಾಗೆ ಒಂದು ಗೋಡೆ ಮುಗಿಸಿ, ಮೂಲೆ ತಿರುಗಿ, ಇನ್ನೊಂದು ಗೋಡೆ. ಒಂದು ಸಲ ಹೇಗೋ ಗೇಣುದ್ದ ಮೇಲೆ ಹತ್ತಿ, ಕೆಂಪು ಕಲ್ಲಿನ ಅಂಚು ತಲೆಗೆ ತಾಗಿ, ನೀರಿಗೆ ಬಿತ್ತು. ಕತ್ತಲೆಯಲ್ಲಿ ಬಾಗಿಲು ತಡಕುವವನ ಹಾಗೆ ಅದು ತೊಟ್ಟಿಯನ್ನೆಲ್ಲಾ ಸುತ್ತಿತು. ನಾನು ಅಂಗೈಯನ್ನು ನೀರಿನ ಮಟ್ಟಕ್ಕೆ ಇಟ್ಟೆ. ಬಂದು ಹತ್ತಿ ಕೂತಿತು. ಗಂಟಲು ಪಟಪಟ ಹೊಡೆದುಕೊಳ್ಳುತ್ತಿತ್ತು. ಅದಕ್ಕೆ ಬೇಕಾಗಿದ್ದುದು ಗಾಳಿ, ಮತ್ತೆ ಕಾಲಿಡಲು ಒಂದಿಷ್ಟು ನೆಲ.

ಕೆರೆಗೆ ಎರಡು ಬದಿ. ಒಂದು ಏರಿಯ ಬದಿ, ಅಲ್ಲಿ ತೂಬು, ನೀರುಗಂಟಿ, ಅಧಿಕಾರ. ಇನ್ನೊಂದು ಎದುರಿನ ಬದಿ, ನೀರು ತೆಳ್ಳಗಾಗುತ್ತಾ ಕೆಸರಾಗಿ, ಕೆಸರು ಹುಲ್ಲಾಗುವ ಕೆರೆಯಂಗಳ. ಅಲ್ಲಿ ದನ ನೀರು ಕುಡಿಯುತ್ತವೆ, ಅಲ್ಲಿಂದಲೇ ಕಪ್ಪೆ ನೆಲಕ್ಕೆ ಹತ್ತುತ್ತವೆ. ಆಯಸ್ಸೆಲ್ಲಾ ನಾನು ನಿಂತದ್ದು ಏರಿಯ ಮೇಲೆ. ಈ ತೊಟ್ಟಿಗೆ ನಾಲ್ಕು ಕಡೆಯೂ ಏರಿಯೇ. ಒಂದು ಗೇಣು ನೀರು ತಗ್ಗಿಸಿ ಆ ಏರಿಯನ್ನು ಇನ್ನೂ ಎತ್ತರ ಮಾಡಿದವನು ನಾನು. ನೀರು ಅಂಚು ಮುಟ್ಟಿಕೊಂಡಿದ್ದರೆ ಸಾಕಿತ್ತು, ಆ ಹತ್ತೊಂಬತ್ತು ಬದುಕುತ್ತಿದ್ದವು.

ಟೀವಿ ಬಂದ ಡಬ್ಬದ ಥರ್ಮಕೋಲನ್ನು ಮುರಿದು ನಾಲ್ಕು ತುಂಡು ತೇಲಿಬಿಟ್ಟೆ, ಆ ಹೊತ್ತಿಗೆ ಅದೇ ನೆಲ. ಆಮೇಲೆ ರಾಮ್‌ಪಾಲ್ ಹತ್ತಿರ ಹೋಗಿ, "ಗಲತೀ ಮೇರಾ" ಎಂದೆ, ತಪ್ಪು ನನ್ನದು ಎಂದು. "ಮೇರೀ" ಎಂದು ಅವನು ನನ್ನ ಹಿಂದಿ ತಿದ್ದಿ, ಬೀಡಿ ಕೊಟ್ಟ. ಅವನಿಗೆ ಹೇಳುವುದು ಸುಲಭವಿತ್ತು. ಮಧ್ಯಾಹ್ನ ಎರಡು ಗಂಟೆಗೆ ಗೇಟಿನಲ್ಲಿ ನಿಂತು, ನಿಧಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಆಡಿ ನೋಡಿದೆ. ನೀರುಗಂಟಿಯಾಗಿದ್ದಷ್ಟು ವರ್ಷ ಒಂದು ದಿನವೂ ತಪ್ಪು ನನ್ನದು ಎಂದವನಲ್ಲ. ಗದ್ದೆ ಒಣಗಿದರೆ ಕಾಲುವೆಯ ತಪ್ಪು, ಕೊಚ್ಚಿದರೆ ಮಳೆಯ ತಪ್ಪು.

ನಿಧಿ ಹಿತ್ತಲ ಮೆಟ್ಟಿಲ ಮೇಲೆ ಶೂ ಬಿಚ್ಚದೆ ಕೂತಳು.

"ಪುಟ್ಟ, ಮಾಲಿ ಔಷಧಿ ಹೊಡೆದಿಲ್ಲ. ಕಾಗೆ ಬಂದಿಲ್ಲ. ನಾನೇ ತಪ್ಪು ಮಾಡಿದ್ದು."

"ಹೇಗೆ?"

ಅವಳನ್ನು ಕರೆದು, ಮರಿಗೆ ಮತ್ತೆ ಅಂಗೈ ಒಡ್ಡಿ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಮತಲಬ್, ಇವಕ್ಕೆ ಆಚೆ ಬರೋಕೆ ರಾಸ್ತಾನೇ ಇರ್ಲಿಲ್ಲ?"

"ಇರ್ಲಿಲ್ಲ. ನೀರು ತಗ್ಗಿಸಿ ನಾನೇ ಮುಚ್ಚಿಬಿಟ್ಟಿದ್ದೆ."

"ಬಾಕಿಯವು?"

"ಎಲ್ಲಕ್ಕೂ ಮುಂಗಾಲು ಬರೋದರಲ್ಲಿದೆ. ನಾಲ್ಕೈದು ದಿನ ಇದೆ, ಅಷ್ಟೇ. ಅಷ್ಟರೊಳಗೆ ನೆಲ ಮಾಡಿಕೊಡಬೇಕು."

ಪರವಾಗಿಲ್ಲ ತಾತ ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಎದ್ದು ಹೋಗಿ, ನನ್ನ ಕಡೆ ನೋಡದೆ, "ಭಯ್ಯಾ, ಈಂಟ್ ಹೈ?" ಎಂದು ರಾಮ್‌ಪಾಲನನ್ನು ಇಟ್ಟಿಗೆ ಕೇಳಿದಳು.

ತೊಟ್ಟಿಯ ಒಂದು ಮೂಲೆಯಲ್ಲಿ ಕೆರೆಯಂಗಳ ಕಟ್ಟಿದೆವು. ಕೆಳಗೆ ಇಟ್ಟಿಗೆ, ಮೇಲೆ ಮರಳು, ಅದರ ಮೇಲೆ ಮಣ್ಣು, ಗೋಡೆಯಿಂದ ಕೆತ್ತಿದ ಪಾಚಿ. ಅಂಚಿನ ಕೆಂಪು ಕಲ್ಲು ಪೂರ್ತಿ ಮುಚ್ಚಿ ಹುಲ್ಲಿಗೆ ಸೇರುವ ತನಕ ಇಳಿಜಾರು. ಅಳಿಯಂದಿರು ಇಷ್ಟು ಡಿಗ್ರಿ ಇರಬೇಕು ಎಂದು ಕಾಗದದ ಮೇಲೆ ಗೆರೆ ಎಳೆದು ತಂದರು. "ಗಿರೀಶಪ್ಪನೋರೇ, ಕರು ಕೆರೆಗೆ ಇಳಿದು ಜಾರದೆ ಹತ್ತುವಷ್ಟು ಇರಲಿ, ಸಾಕು" ಎಂದೆ. ಎರಡೂ ಹೆಚ್ಚೂ ಕಡಿಮೆ ಒಂದೇ ಆಯಿತು. ಅವರ ಪ್ಯಾಂಟು ಮಂಡಿಯವರೆಗೆ ಕೆಸರಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ನೀರನ್ನು ಬೆಳಿಗ್ಗೆ ಒಂದು ಬೆರಳು, ಸಂಜೆ ಒಂದು ಬೆರಳು ಇಳಿಸುತ್ತಾ ಬಂದೆ. ನೀರು ಹಿಂದೆ ಸರಿದಷ್ಟೂ ಹಸಿನೆಲ ಅಗಲವಾಗುತ್ತದೆ. ನಾನು ಬೆರಳಿನಲ್ಲಿ ಅಳೆದು ಆದ ಮೇಲೆ ನಿಧಿ ಸ್ಕೇಲು ಇಟ್ಟು ಮತ್ತೆ ಅಳೆಯುತ್ತಿದ್ದಳು. ಐದು ದಿನವೂ ಅಳೆದಳು. ನಾನು ಸ್ಕೇಲು ತೊಳೆದು ಕೊಡುತ್ತಿದ್ದೆ.

ಆರನೆಯ ದಿನವೇ ನಿನ್ನೆ. ಭಾನುವಾರ. ಮೊದಲನೆಯದು ಕೆಸರಿನ ಮೇಲೆ ಕೂತಿತ್ತು, ಬಾಲ ಒಂದು ಚುಕ್ಕೆಯಷ್ಟು. ಅದನ್ನು ಕಂಡವಳು ನಿಧಿ. ಕೂಗಲಿಲ್ಲ, ಒಳಗೆ ಬಂದು ನನ್ನ ಅಂಗಿ ಹಿಡಿದೆಳೆದು ಕರೆದುಕೊಂಡು ಹೋದಳು. ಇಬ್ಬರೂ ಹೊಟ್ಟೆಯ ಮೇಲೆ ಮಲಗಿದೆವು. ಅದು ಇಳಿಜಾರು ಹತ್ತಿ, ಹುಲ್ಲಿನ ಬುಡಕ್ಕೆ ಬಂದು, ಅಲ್ಲಿ ನಿಂತು ಯೋಚಿಸಿ, ಹುಲ್ಲಿನೊಳಗೆ ಹೋಯಿತು. ನನಗೆ ಮಗಳು ಹುಟ್ಟಿದಾಗ ತೂಬಿನ ಹತ್ತಿರ ಇದ್ದೆ, ಮೊಮ್ಮಗಳು ಹುಟ್ಟಿದಾಗ ರೈಲಿನಲ್ಲಿದ್ದೆ. ಪಕ್ಕದಲ್ಲೇ ಇದ್ದು ನೋಡಿದ್ದು ಇದೊಂದೇ. ಅದಕ್ಕೇ ಇರಬೇಕು ಮುನಿಯಪ್ಪನಿಗೆ ಹಾಗೆ ಹೇಳಿದ್ದು.

ಸಾಯಂಕಾಲದ ಹೊತ್ತಿಗೆ ಹಿತ್ತಲ ಮೆಟ್ಟಿಲ ತನಕ ಕಪ್ಪೆಮರಿಗಳು. ಯಾರೂ ಹಿತ್ತಲಿಗೆ ಕಾಲಿಡಬಾರದು ಎಂದು ನಿಧಿಯ ಹುಕುಂ. ನಮ್ಮ ಮನೆಯಲ್ಲಿ ಊಟ ಒಬ್ಬೊಬ್ಬರದು ಒಂದೊಂದು ಹೊತ್ತು, ಒಂದೊಂದು ಕಡೆ; ಅಳಿಯಂದಿರದು ಟೀವಿ ಮುಂದೆ, ಸುಜಾತಳದು ಎಲ್ಲರದೂ ಆದ ಮೇಲೆ ನಿಂತುಕೊಂಡೇ. ನಿನ್ನೆ ಯಾರೂ ಬಾಗಿಲು ಬಿಟ್ಟು ಏಳಲೊಲ್ಲರು. ನಮ್ಮವಳು ಮುದ್ದೆ, ಸೊಪ್ಪಿನ ಸಾರನ್ನು ಪಾತ್ರೆ ಸಮೇತ ಅಲ್ಲಿಗೇ ತಂದಳು. ಐದು ಜನ ಹೊಸಿಲಿಂದ ಮೆಟ್ಟಿಲ ತನಕ ಒತ್ತೊತ್ತಾಗಿ ಕೂತೆವು.

"ಇವಕ್ಕೆ ಊಟ?" ಎಂದಳು ನಿಧಿ. "ಈಗ ಪಾಲಕ್ ತಿನ್ನಲ್ಲ, ಪಪ್ಪಾ ಹೇಳಿದ್ರು. ಹುಳ ಬೇಕಂತೆ, ಛೋಟೇವಾಲೇ, ಪುಟ್ಟ ಪುಟ್ಟವು."

ಅಳಿಯಂದಿರು ಕಂಪ್ಯೂಟರ್ ನೋಡಲು ಏಳುವುದರಲ್ಲಿದ್ದರು. ನಮ್ಮವಳು ಒಳಗೆ ಹೋಗಿ ಒಂದು ಚೂರು ಬೆಲ್ಲ ತಂದು ಕೆಳಗಿನ ಮೆಟ್ಟಿಲ ಮೂಲೆಯಲ್ಲಿಟ್ಟಳು. "ಆಯಸ್ಸೆಲ್ಲಾ ಇರುವೆ ಓಡಿಸಿ ಓಡಿಸಿ ಸಾಕಾಯ್ತು. ಇವತ್ತೊಂದಿನ ಬರಲಿ" ಎಂದಳು.

ಕಾದೆವು. ಸಾರು ಆರುತ್ತಿತ್ತು.

"ತಾತ" ಎಂದಳು ನಿಧಿ, ಮೆಟ್ಟಿಲಿನಿಂದ ಕಣ್ಣು ತೆಗೆಯದೆ. "ಇನ್ನೂ ಒಳಗೆ ಇರೋವಕ್ಕೆ ನಾಳೆ ನೀರು ಎಷ್ಟು ಇಳಿಸಬೇಕು?"

"ಒಂದು ಬೆರಳು ಸಾಕು."

"ಅಚ್ಛಾ" ಎಂದಳು. ಸ್ಕೇಲಿನ ಮಾತು ಎತ್ತಲಿಲ್ಲ.

ಸಣ್ಣ ಕೆಂಪಿರುವೆಗಳು ಸಾಲುಗಟ್ಟಿ ಬಂದವು. ಒಂದು ಮರಿ ಸಾಲಿನ ಪಕ್ಕಕ್ಕೆ ಸರಿದು ಕೂತಿತು, ಪಂಕ್ತಿಯಲ್ಲಿ ಬಡಿಸುವವರು ಬರಲಿ ಎಂದು ಕಾಯುವವರ ಹಾಗೆ. ಅದರ ಮುಂದೆ ಒಂದು ಇರುವೆ ಇತ್ತು. ಆಮೇಲೆ ಇರಲಿಲ್ಲ. ನಡುವೆ ಏನಾಯಿತೆಂದು ಐದು ಜನರಲ್ಲಿ ಒಬ್ಬರಿಗೂ ಕಾಣಲಿಲ್ಲ.

"ಉಂಡಿತು" ಎಂದಳು ನಮ್ಮವಳು. "ಇನ್ನು ನೀವೂ ಉಣ್ಣಿ."

ನಾವು ತಟ್ಟೆಗೆ ಕೈ ಹಾಕಿದೆವು.